ಯಾದಿಯಲ್ಲಿ ಹೆಸರಿದ್ದವರು, ಇಲ್ಲದವರು

2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ಘೋಷಿಸಿದರು. ಲಾಕ್‌ಡೌನ್ ಶುರುವಾಗಿ ಆರು ವಾರ ಆಗಿತ್ತು. ಯಾದಿ ಹೀಗಿತ್ತು: 60 ಸಾವಿರ ಅಗಸರಿಗೆ ತಲಾ 5 ಸಾವಿರ ರೂಪಾಯಿ, 2 ಲಕ್ಷ 30 ಸಾವಿರ ಕ್ಷೌರಿಕರಿಗೆ ತಲಾ 5 ಸಾವಿರ, 7 ಲಕ್ಷ 75 ಸಾವಿರ ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5 ಸಾವಿರ. 54 ಸಾವಿರ ಕೈಮಗ್ಗದ ನೇಕಾರರಿಗೆ ತಲಾ 2 ಸಾವಿರ. ಕಟ್ಟಡ ಕಾರ್ಮಿಕರಿಗೆ ಮೊದಲು ಹೇಳಿದ್ದ 2 ಸಾವಿರದ ಮೇಲೆ ಇನ್ನೂ 3 ಸಾವಿರ. ಹೂವು ಬೆಳೆದವರಿಗೆ ಹೆಕ್ಟೇರಿಗೆ 25 ಸಾವಿರ.

ಈ ಯಾದಿ ಬಸವಕಲ್ಯಾಣದವರ ಕಿವಿಗೆ ಬಿದ್ದಾಗ ಹೊಸದು ಅನ್ನಿಸಿರಲಿಕ್ಕಿಲ್ಲ. ಯಾಕಂದ್ರ ಈ ಊರು ಹೆಸರಾದದ್ದೇ ಇಂಥ ಒಂದು ಯಾದಿಯಿಂದ. ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಬುಟ್ಟಿ ಹೆಣೆಯುವವರು, ಹಗ್ಗ ಹೊಸೆಯುವವರು, ತೊಗಲು ಹದ ಮಾಡುವವರು. 12ನೇ ಶತಮಾನದ ಕಲ್ಯಾಣದಲ್ಲಿ ಕಸುಬು ಅಂದರೆ ಹೆಸರಿನ ಮೊದಲ ಅರ್ಧ. ಎಂಟು ನೂರು ವರ್ಷ ಕಳೆದ ಮೇಲೆ ಸರ್ಕಾರ ಮತ್ತೆ ಜನರನ್ನು ಕಸುಬಿನ ಹೆಸರು ಹಿಡಿದು ಕರೆಯಿತು. ಆಗ ಆ ಹೆಸರನ್ನು ಯಾರೂ ರುಜುವಾತು ಮಾಡಬೇಕಿರಲಿಲ್ಲ. ಈ ಸಲ ಮಾಡಬೇಕಿತ್ತು. ನೀನು ಕ್ಷೌರಿಕ ಅನ್ನೋದಕ್ಕ ಕಾಗದ ಏನದ? ನೀನು ಅಗಸ ಅಂತ ಬರಕೊಟ್ಟವರು ಯಾರು?

ಈ ಬರಹ ಆ ಕಾಗದದ ಚರಿತ್ರೆ. ಮಹಾಮಾರಿ ಬಂದಾಗ ನಮ್ಮ ಎರಡು ಊರುಗಳಲ್ಲಿ, ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ, ಸಣ್ಣ ಅಂಗಡಿಯವರಿಗೆ ಸರ್ಕಾರ ಏನು ಹೇಳಿತು, ಏನು ಕೊಟ್ಟಿತು, ಕೊಡೋದು ಯಾರ ಕೈಯಲ್ಲಿತ್ತು ಅನ್ನೋದನ್ನ ಮರೆಯೋ ಮೊದಲು ಬರೆದಿಡುವ ಪ್ರಯತ್ನ. ಸತ್ತವರ ಲೆಕ್ಕ ಎಲ್ಲೋ ಒಂದು ಕಡೆ ಇದೆ. ಮುಚ್ಚಿದ ಅಂಗಡಿಗಳ ಲೆಕ್ಕ ಬರೆಯೋದು ಯಾರ ಕೆಲಸವೂ ಆಗಿರಲಿಲ್ಲ.

ಎರಡು ಊರು, ಒಂದು ರಸ್ತೆ

ಪುಣೆಯಿಂದ ಹೈದರಾಬಾದ್ ಹಾಯ್ದು ಮಚಲಿಪಟ್ಟಣದ ತನಕ ಹೋಗುವ ಹೆದ್ದಾರಿ ಬೀದರ್ ಜಿಲ್ಲೆಯನ್ನು ಅಡ್ಡಡ್ಡ ಸೀಳಿಕೊಂಡು ಹೋಗುತ್ತದೆ. ಪಶ್ಚಿಮಕ್ಕೆ ಮಹಾರಾಷ್ಟ್ರದ ಉಮರ್ಗಾ, ಪೂರ್ವಕ್ಕೆ ತೆಲಂಗಾಣದ ಜಹೀರಾಬಾದ್. ನಡುವೆ ಈ ಎರಡು ಊರು. ಬಸವಕಲ್ಯಾಣ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹುಮನಾಬಾದ್ ಹೆದ್ದಾರಿಯ ಮೇಲೆಯೇ. ಬೀದರ್-ಕಲಬುರಗಿ ರಸ್ತೆ ಹೆದ್ದಾರಿಯನ್ನು ಕೂಡೋದು ಹುಮನಾಬಾದಿನಲ್ಲಿ. 2011ರ ಜನಗಣತಿಯಲ್ಲಿ ಬಸವಕಲ್ಯಾಣಕ್ಕೆ ಸುಮಾರು 70 ಸಾವಿರ, ಹುಮನಾಬಾದಿಗೆ ಸುಮಾರು 44 ಸಾವಿರ ಜನ. ಒಂದಕ್ಕೆ ನಗರಸಭೆ, ಅದರ ಮುಖ್ಯಸ್ಥರು ಪೌರಾಯುಕ್ತರು. ಇನ್ನೊಂದಕ್ಕೆ ಆಗ ಪುರಸಭೆ, ಅಲ್ಲಿ ಮುಖ್ಯಾಧಿಕಾರಿ.

ಈ ಊರುಗಳ ವ್ಯಾಪಾರ ಎಂಥದು ಅಂತ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಬಸವಕಲ್ಯಾಣಕ್ಕೆ ಬಸವಣ್ಣನ ನೆಲ ನೋಡಲಿಕ್ಕೆ ಯಾತ್ರಿಕರು ಬರುತ್ತಾರೆ, ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ ಮಾಣಿಕಪ್ರಭುವಿನ ಭಕ್ತರು ಬರುತ್ತಾರೆ. ಇವರನ್ನು ನಂಬಿ ಹೂವು, ತೆಂಗಿನಕಾಯಿ, ಚಹಾ, ಖಾನಾವಳಿ. ಹೆದ್ದಾರಿ ನಂಬಿ ಢಾಬಾ, ಪಂಕ್ಚರ್ ಅಂಗಡಿ, ಲಾರಿ ಗ್ಯಾರೇಜು. ಸುತ್ತಲ ಹಳ್ಳಿಗಳ ತೊಗರಿ, ಸೋಯಾ, ಕಬ್ಬಿನ ದುಡ್ಡು ನಂಬಿ ಬಟ್ಟೆ, ಬಂಗಾರ, ಕಿರಾಣಿ. ಇಲ್ಲಿನ ಅಂಗಡಿಗಳಿಗೆ ಮಾಲು ಸೊಲ್ಲಾಪುರ, ಲಾತೂರು, ಹೈದರಾಬಾದು, ಕಲಬುರಗಿಯಿಂದ ಬರುತ್ತದೆ. ಅಂದರೆ ಮೂರು ರಾಜ್ಯಗಳ ಗಡಿ ತೆರೆದಿದ್ದರೆ ಮಾತ್ರ ನಮ್ಮ ಅಂಗಡಿಯ ಕಪಾಟು ತುಂಬುತ್ತದೆ. ಬೆಂಗಳೂರಿನಲ್ಲಿ ಕೂತವರಿಗೆ ಗಡಿ ಅಂದರೆ ನಕಾಶೆಯ ಗೆರೆ, ನಮಗದು ದಿನಾ ದಾಟೋ ರಸ್ತೆ.

1897ರ ಕಾಯ್ದೆಯ ಒಂದು ಪದ

2020ರಲ್ಲಿ ಅಂಗಡಿ ಮುಚ್ಚಿಸಲು ಬಳಸಿದ ಕಾನೂನುಗಳಲ್ಲಿ ಒಂದು 1897ರದ್ದು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಬ್ರಿಟಿಷ್ ಸರ್ಕಾರ ಗಾಬರಿಬಿದ್ದು 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಬಹಳ ಪುಟ್ಟ ಕಾಯ್ದೆ, ನಾಲ್ಕೇ ಕಲಂ. ಸರ್ಕಾರಕ್ಕೆ ಅಗತ್ಯ ಅನ್ನಿಸಿದ ಯಾವ ಕ್ರಮವನ್ನಾದರೂ ತೆಗೆದುಕೊಳ್ಳುವ ಅಧಿಕಾರ ಕೊಟ್ಟು, ಅದರ ಖರ್ಚನ್ನು ಯಾರು ಹೇಗೆ ಭರಿಸಬೇಕು ಅಂತ ಸರ್ಕಾರವೇ ತೀರ್ಮಾನಿಸಬಹುದು ಅಂದಿತು. ಆ ಖರ್ಚಿನೊಳಗೆ ಪರಿಹಾರವೂ ಸೇರಿತ್ತು. ಆದರೆ ಪಕ್ಕದಲ್ಲೇ ಒಂದು ಷರತ್ತು: ಪರಿಹಾರ ಅಂತ ಏನಾದರೂ ಇದ್ದರೆ.

ಆ ‘ಇದ್ದರೆ’ ಅನ್ನೋ ಪದದಲ್ಲೇ ಇಡೀ ಕಥೆ ಅದ. ಮುಚ್ಚಿಸುವುದು ಸರ್ಕಾರದ ಅಧಿಕಾರ, ಪರಿಹಾರ ಅದರ ಮರ್ಜಿ. 123 ವರ್ಷ ಕಳೆದ ಮೇಲೂ ಆ ಸಾಲು ಹಾಗೇ ಉಳಿದಿತ್ತು.

ಆ ಕಾಲದಲ್ಲಿ ನಮ್ಮ ಊರುಗಳು ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ, ನಿಜಾಮರ ರಾಜ್ಯದಲ್ಲಿದ್ದವು. ಈಗಿನ ಬಸವಕಲ್ಯಾಣ ಆಗ ಕಲ್ಯಾಣಿ, ನವಾಬರ ಜಾಗೀರು. ಆದರೆ ಪ್ಲೇಗು ಜಾಗೀರಿನ ಗಡಿ ನೋಡಲಿಲ್ಲ. ಹೆದ್ದಾರಿಯ ಆ ತುದಿಯ ಪುಣೆಯಲ್ಲಿ ಮನೆ ಹೊಕ್ಕು ತಪಾಸಣೆ ಮಾಡಿಸಿದ ಪ್ಲೇಗ್ ಅಧಿಕಾರಿ ರಾಂಡ್‌ನನ್ನು 1897ರ ಜೂನ್‌ನಲ್ಲಿ ಗುಂಡಿಟ್ಟು ಕೊಂದರು. 1898ರಲ್ಲಿ ಹುಬ್ಬಳ್ಳಿಯ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡರು. ಅಲ್ಲಿ ಹಾಫ್‌ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಅದೇ ವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಹೊಡೆತದಿಂದ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ದೊಂಬಿಯೇ ಆಯಿತು.

ಈ ಎಲ್ಲ ಕಥೆಗಳಲ್ಲಿ ಸರ್ಕಾರ ಕಾಣಿಸುವುದು ತಪಾಸಣೆ ಮಾಡುವವನಾಗಿ, ಮನೆ ಕೆಡಹುವವನಾಗಿ, ಹೊಸ ಬಡಾವಣೆ ಕಟ್ಟುವವನಾಗಿ. ಅಂಗಡಿಕಾರ ಏನಾದ? ಅವನು ಗಿರಾಕಿಗಳ ಹಿಂದೆ ಗುಡಿಸಲಿಗೆ ಹೋದ. ಊರೇ ಹೊರಗೆ ಹೋದಾಗ ಅಂಗಡಿಯೂ ಹೊರಗೆ ಹೋಗುತ್ತಿತ್ತು. ಪ್ಲೇಗಿನ ಕಾಲದಲ್ಲಿ ಜನ ಚದುರಿದರು, ವ್ಯಾಪಾರವೂ ಅವರ ಜೊತೆ ಚದುರಿ ಹೇಗೋ ಉಳಿಯಿತು. 2020ರಲ್ಲಿ ಆದದ್ದು ಅದರ ಉಲ್ಟಾ. ಗಿರಾಕಿ ಮನೆಯೊಳಗೆ, ಅಂಗಡಿಕಾರ ತನ್ನ ಮನೆಯೊಳಗೆ, ನಡುವೆ ಬೀಗ ಹಾಕಿದ ಶಟರ್. ಹಿಂದೆ ಹೋಗಲಿಕ್ಕೆ ದಾರಿಯೇ ಇರಲಿಲ್ಲ. ಅದಕ್ಕೇ ಈ ಸಲ ಪರಿಹಾರದ ಪ್ರಶ್ನೆ ಹಿಂದೆಂದಿಗಿಂತ ದೊಡ್ಡದಾಗಿ ಎದ್ದಿತು.

ಅಂಗಡಿ ತೆಗೀಬೇಕೋ ಬ್ಯಾಡೋ?

ದೇಶದ ಮೊದಲ ಕೋವಿಡ್ ಸಾವು ಖಚಿತವಾದದ್ದು 2020ರ ಮಾರ್ಚ್ 12ರಂದು, ಕಲಬುರಗಿಯಲ್ಲಿ. ಹುಮನಾಬಾದಿನಿಂದ ಕಲಬುರಗಿ ಸುಮಾರು 60 ಕಿಲೋಮೀಟರು. ಬೆಂಗಳೂರು, ಮುಂಬೈಗಳಲ್ಲಿ ಇನ್ನೂ ಸುದ್ದಿಯಾಗಿದ್ದ ರೋಗ ನಮಗೆ ನೆರೆಮನೆಯ ಮಾತಾಗಿತ್ತು. ಮರುದಿನವೇ ರಾಜ್ಯ ಸರ್ಕಾರ ಮಾಲು, ಚಿತ್ರಮಂದಿರ, ಜಾತ್ರೆ, ದೊಡ್ಡ ಮದುವೆಗಳನ್ನು ಒಂದು ವಾರ ನಿಲ್ಲಿಸಿತು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಬೀಗ.

ಆಮೇಲೆ ಶುರುವಾದದ್ದು ಆದೇಶಗಳ ಮಳೆ. ದೆಹಲಿಯ ಗೃಹ ಮಂತ್ರಾಲಯ ಒಂದು ಆದೇಶ ಕಳಿಸುತ್ತಿತ್ತು. ಬೆಂಗಳೂರು ಅದನ್ನು ತನ್ನ ರೀತಿಯಲ್ಲಿ ತಿದ್ದುತ್ತಿತ್ತು. ಜಿಲ್ಲಾಧಿಕಾರಿಗಳು ವಿಪತ್ತು ನಿರ್ವಹಣಾ ಕಾಯ್ದೆಯ ಅಧಿಕಾರದಲ್ಲಿ ಜಿಲ್ಲೆಗೆ ಬೇಕಾದಂತೆ ಇನ್ನಷ್ಟು ಬಿಗಿ ಮಾಡುತ್ತಿದ್ದರು. ಅದು ಸಹಾಯಕ ಆಯುಕ್ತರು, ತಹಶೀಲ್ದಾರರು, ಪೌರಾಯುಕ್ತರು, ಪೊಲೀಸರ ಕೈ ದಾಟಿ ಕಡೆಗೆ ಕಸದ ಗಾಡಿಯ ಧ್ವನಿವರ್ಧಕದಲ್ಲಿ ಓಣಿಗೆ ಬರುತ್ತಿತ್ತು. ಐದು ಮೆಟ್ಟಿಲು ಇಳಿಯೋದರೊಳಗೆ ಆದೇಶ ಬದಲಾಗಿರುತ್ತಿತ್ತು. ಆಗ ವ್ಯಾಪಾರಸ್ಥರ ಬಾಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಇವತ್ತ ಅಂಗಡಿ ತೆಗೀಬೇಕೋ ಬ್ಯಾಡೋ?

ಏಪ್ರಿಲ್ 15ರಂದು ಹೊರಟ ಕೇಂದ್ರದ ಆದೇಶ 20ರಿಂದ ಹೆದ್ದಾರಿಯ ಢಾಬಾ ಮತ್ತು ಲಾರಿ ರಿಪೇರಿ ಅಂಗಡಿಗಳಿಗೆ ಅವಕಾಶ ಕೊಟ್ಟಿತು. ಹೆದ್ದಾರಿ ಮೇಲಿನ ಗ್ಯಾರೇಜಿಗೆ ಅನುಮತಿ, ಊರೊಳಗಿನ ಗ್ಯಾರೇಜಿಗೆ ಇಲ್ಲ. ಏಪ್ರಿಲ್ 24ರ ರಾತ್ರಿ ಇನ್ನೊಂದು ಆದೇಶ ಬಂತು: ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾದ ಅಂಗಡಿಗಳು ಅರ್ಧ ಕೆಲಸಗಾರರೊಂದಿಗೆ ತೆಗೆಯಬಹುದು. ಮರುದಿನವೇ ಸ್ಪಷ್ಟನೆ: ಕ್ಷೌರದ ಅಂಗಡಿ, ಹೋಟೆಲು ಇದರಲ್ಲಿ ಬರುವುದಿಲ್ಲ, ಅವು ಮಾರುವುದು ಸರಕಲ್ಲ, ಸೇವೆ.

ಈ ಆದೇಶದಲ್ಲಿ ‘ನೋಂದಣಿಯಾದ’ ಅನ್ನುವ ಮಾತು ಗಮನಿಸಿರಿ. ಕರ್ನಾಟಕದಲ್ಲಿ ಒಂದು ಅಂಗಡಿಗೆ ಎರಡು ಬೇರೆ ಬೇರೆ ಕಾಗದ ಬೇಕು. 1961ರ ಅಂಗಡಿ ಕಾಯ್ದೆಯ ನೋಂದಣಿ ಕಾರ್ಮಿಕ ಇಲಾಖೆಯದ್ದು. 1964ರ ಪುರಸಭೆಗಳ ಕಾಯ್ದೆಯಡಿಯ ಉದ್ದಿಮೆ ಪರವಾನಗಿ ನಗರಸಭೆ, ಪುರಸಭೆಯದ್ದು. ಸಣ್ಣ ಊರಿನಲ್ಲಿ ಎಷ್ಟೋ ಜನರ ಹತ್ತಿರ ಎರಡರಲ್ಲಿ ಒಂದೂ ಇರುವುದಿಲ್ಲ. ಕರೆಂಟ್ ಬಿಲ್ಲು, ಬಾಡಿಗೆ ಚೀಟಿ, ಮೂವತ್ತು ವರ್ಷದ ಗುರುತು, ಇಷ್ಟರ ಮೇಲೆ ಅಂಗಡಿ ನಡೆಯುತ್ತದೆ. ಓಣಿಗೆಲ್ಲ ಗೊತ್ತಿರುವ ಅಂಗಡಿ ಕಾಗದದ ಮೇಲೆ ಇಲ್ಲ. ಕೋವಿಡ್‌ಗೆ ಮುಂಚೆ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಕೋವಿಡ್ ಬಂದ ಮೇಲೆ ತೊಂದರೆ ಆಗಿದ್ದೇ ಅದರಿಂದ.

ಮೇ ಮೊದಲ ವಾರ ಬೀದರ್ ಜಿಲ್ಲೆಯನ್ನು ಕೇಂದ್ರ ಸರ್ಕಾರ ಕಿತ್ತಳೆ ವಲಯದಲ್ಲಿ ಇಟ್ಟಿತು. ಮೇ 19ರಿಂದ ಕ್ಷೌರದ ಅಂಗಡಿ ಸೇರಿ ಹೆಚ್ಚಿನ ಅಂಗಡಿಗಳು ಬೆಳಗ್ಗೆ 7ರಿಂದ ಸಂಜೆ 7ರ ತನಕ ತೆರೆದವು, ಭಾನುವಾರ ಪೂರಾ ಬಂದ್. ಅಷ್ಟು ಹೊತ್ತಿಗೆ ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ವಾಪಸು ಬರುತ್ತಿದ್ದರು, ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಸೋಂಕು ಏರುತ್ತಿತ್ತು. ಅಂಗಡಿ ತೆರೆದ ದಿನಗಳಲ್ಲೇ ಭಯ ಹೆಚ್ಚಿದ್ದು.

ಇನ್ನೊಂದು ವಿಷಯ ಬಹಳ ಜನರಿಗೆ ಮರೆತುಹೋಗಿದೆ. ರಾಜ್ಯದ ಬಹಳಷ್ಟು ನಗರಸಭೆ-ಪುರಸಭೆಗಳಿಗೆ 2018 ಮತ್ತು 2019ರಲ್ಲಿ ಚುನಾವಣೆ ಆಗಿ ಸದಸ್ಯರು ಗೆದ್ದಿದ್ದರೂ, ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ತಕರಾರು ನ್ಯಾಯಾಲಯದಲ್ಲಿ ಸಿಕ್ಕಿಬಿದ್ದು 2020ರ ಕೊನೆಯ ತಿಂಗಳುಗಳ ತನಕ ಕುರ್ಚಿ ಖಾಲಿ ಇದ್ದವು. ಆಡಳಿತಾಧಿಕಾರಿಗಳೇ ಊರು ನಡೆಸಿದರು. ಅಂದರೆ ಅತೀ ಕಷ್ಟದ ತಿಂಗಳುಗಳಲ್ಲಿ ಸ್ಥಳೀಯ ಸರ್ಕಾರ ಅನ್ನುವುದು ಬಹುಪಾಲು ಕಡೆ ಒಬ್ಬ ಅಧಿಕಾರಿ, ಕೆಲವು ಆರೋಗ್ಯ ನಿರೀಕ್ಷಕರು, ಮತ್ತು ಜೀವ ಕೈಯಲ್ಲಿ ಹಿಡಿದು ಬೀದಿಗಿಳಿದ ಪೌರಕಾರ್ಮಿಕರು. ವಾರ್ಡಿನ ಮೆಂಬರ್ ಬಂದು ಕೇಳಬಹುದಿತ್ತು, ನಿರ್ಣಯ ಮಾಡುವಂತಿರಲಿಲ್ಲ.

ಕೊಟ್ಟದ್ದು ಎಷ್ಟು, ಮುಟ್ಟಿದ್ದು ಯಾರಿಗೆ

ಮತ್ತೆ ಯಾದಿಗೆ ಬರೋಣ. 5 ಸಾವಿರ ರೂಪಾಯಿಗೆ ಸೇವಾಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕಿತ್ತು. ಆಧಾರ್ ಬೇಕು, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಆಟೊದವರಿಗೆ ಲೈಸೆನ್ಸು, ಗಾಡಿಯ ದಾಖಲೆ. ಅಗಸರಿಗೆ, ಕ್ಷೌರಿಕರಿಗೆ ಕಸುಬಿನ ದೃಢೀಕರಣ. ಸೈಬರ್ ಅಂಗಡಿಗಳೂ ಪೂರ್ತಿ ತೆರೆಯದ ದಿನಗಳಲ್ಲಿ ಇದೆಲ್ಲ. ರಾಜ್ಯದಲ್ಲಿ ಅರ್ಜಿ ಹಾಕಿ ಹಣ ಪಡೆದ ಚಾಲಕರ ಸಂಖ್ಯೆ ಘೋಷಿಸಿದ 7 ಲಕ್ಷ 75 ಸಾವಿರಕ್ಕಿಂತ ಬಹಳ ಕಮ್ಮಿ ಆಯಿತು. ಬಾಡಿಗೆ ಆಟೊ ಓಡಿಸುವವನ ಹೆಸರು ಆರ್‌ಸಿ ಪುಸ್ತಕದಲ್ಲಿ ಇರೋದಿಲ್ಲ. ಮಾಲೀಕನ ಕುರ್ಚಿಯಲ್ಲಿ ಪಾಲಿಗೆ ಕೆಲಸ ಮಾಡುವ ಕ್ಷೌರಿಕನಿಗೆ ಅಂಗಡಿಯ ಕಾಗದ ಇರೋದಿಲ್ಲ.

ಯಾದಿಯಲ್ಲಿ ಹೆಸರೇ ಇಲ್ಲದವರ ಕಥೆ ಬೇರೆ. ದರ್ಜಿ, ಚಮ್ಮಾರ, ಹಮಾಲಿ, ಮೆಕ್ಯಾನಿಕ್, ಕುಂಬಾರ ಇವರು 2020ರ ಆ ಘೋಷಣೆಯಲ್ಲಿ ಇರಲಿಲ್ಲ. ಬಳೆ ಅಂಗಡಿ, ಚಹಾದ ಅಂಗಡಿ, ಸಣ್ಣ ಖಾನಾವಳಿ ಇರಲಿಲ್ಲ. ಅದೇ ಘೋಷಣೆಯಲ್ಲಿ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳ ವಿದ್ಯುತ್ತಿನ ನಿಗದಿತ ಶುಲ್ಕವನ್ನು ಎರಡು ತಿಂಗಳು ಮನ್ನಾ ಮಾಡಿದರು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸಣ್ಣ ಘಟಕಕ್ಕೆ ಅದರಿಂದ ಉಸಿರು ಬಂದಿರಬಹುದು. ಪೇಟೆಯ ಬಟ್ಟೆ ಅಂಗಡಿ ಕೈಗಾರಿಕೆ ಅಲ್ಲ. ಮುಚ್ಚಿದ ಅಂಗಡಿಗೂ ಜೆಸ್ಕಾಂ ಬಿಲ್ಲಿನ ನಿಗದಿತ ಶುಲ್ಕದ ಸಾಲು ಇದ್ದೇ ಇರುತ್ತದೆ.

ಇಲ್ಲೊಂದು ದೇಶಮಟ್ಟದ ತಮಾಷೆಯೂ ಉಂಟು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸಣ್ಣ ಉದ್ದಿಮೆಗಳಿಗೆ ಅಡವಿಲ್ಲದ 3 ಲಕ್ಷ ಕೋಟಿ ಸಾಲದ ಯೋಜನೆ ತಂದಿತು. ಫೆಬ್ರುವರಿ 29ಕ್ಕೆ ಬಾಕಿ ಇದ್ದ ಸಾಲದ ಶೇಕಡಾ 20ರಷ್ಟು ಹೆಚ್ಚುವರಿ ಸಾಲ ಸಿಗುತ್ತದೆ ಅಂದರು. ಬ್ಯಾಂಕಿನಲ್ಲಿ ಸಾಲವೇ ಇಲ್ಲದವನ ಬಾಕಿ ಸೊನ್ನೆ, ಸೊನ್ನೆಯ ಶೇಕಡಾ 20 ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಬಹುದು. ಇನ್ನು, ಚಿಲ್ಲರೆ ಮತ್ತು ಸಗಟು ವ್ಯಾಪಾರವನ್ನು 2017ರಲ್ಲೇ ‘ಸೂಕ್ಷ್ಮ, ಸಣ್ಣ ಉದ್ದಿಮೆ’ಯ ನೋಂದಣಿಯಿಂದ ಹೊರಗಿಟ್ಟಿದ್ದರು. ವಾಪಸು ಸೇರಿಸಿದ್ದು 2021ರ ಜುಲೈ 2ಕ್ಕೆ, ಅದೂ ಆದ್ಯತಾ ಸಾಲದ ಮಟ್ಟಿಗೆ. ಎರಡೂ ಅಲೆ ಹಾಯ್ದುಹೋದ ಮೇಲೆ ನಮ್ಮ ಕಿರಾಣಿ ಅಂಗಡಿ ಸರ್ಕಾರದ ಕಣ್ಣಿಗೆ ‘ಉದ್ದಿಮೆ’ ಆಯಿತು.

ಸ್ಥಳೀಯ ಸಂಸ್ಥೆಗಳಿಗೆ ನಿಜವಾದ ಕೆಲಸ ಬಂದದ್ದು 2020ರ ಜೂನ್ 1ರಂದು ಮಂಜೂರಾದ ಪಿಎಂ ಸ್ವನಿಧಿಯಿಂದ. ಬೀದಿ ವ್ಯಾಪಾರಿಗಳಿಗೆ 10 ಸಾವಿರ ರೂಪಾಯಿ ದುಡಿಯುವ ಬಂಡವಾಳ, ಅಡವಿಲ್ಲ, ಒಂದು ವರ್ಷದ ಕಂತು, ಸಮಯಕ್ಕೆ ಕಟ್ಟಿದರೆ ಬಡ್ಡಿಯಲ್ಲಿ ಶೇಕಡಾ 7 ಸಹಾಯಧನ, ಮುಂದೆ 20 ಸಾವಿರ, ಆಮೇಲೆ 50 ಸಾವಿರ. ಷರತ್ತು ಒಂದೇ: 2020ರ ಮಾರ್ಚ್ 24ರಂದು ಅಥವಾ ಅದಕ್ಕೂ ಮುಂಚೆ ನೀವು ಬೀದಿಯಲ್ಲಿ ವ್ಯಾಪಾರ ಮಾಡುತ್ತಿರಬೇಕು. ಅದನ್ನು ಹೇಳಬೇಕಾದವರು ನಗರಸಭೆ, ಪುರಸಭೆಯವರು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಪ್ರಮಾಣಪತ್ರ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇಕಡಾ 40ಕ್ಕೆ ಕಮ್ಮಿ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು. ಇದೆಲ್ಲ ಸರಿಯಾಗಿ ಆಗಿದ್ದ ಊರುಗಳಲ್ಲಿ ಸ್ವನಿಧಿ ಸಲೀಸು. ಆಗಿರದ ಕಡೆ ಶಿಫಾರಸು ಪತ್ರ. ಸಮೀಕ್ಷೆಯಲ್ಲಿ ತಪ್ಪಿಹೋದವರಿಗೆ, ಸುತ್ತಲ ಹಳ್ಳಿಯಿಂದ ಬಂದು ಊರಲ್ಲಿ ಮಾರುವವರಿಗೆ ನಗರಸಭೆ ಒಂದು ಪತ್ರ ಕೊಟ್ಟರೆ ಸಾಕು, ಬ್ಯಾಂಕು ನೋಡಬಹುದು. ಯೋಜನೆ ಬರೆದವರು ಈ ಒಂದು ಕಿಟಕಿ ತೆಗೆದಿಟ್ಟದ್ದು ದೊಡ್ಡ ಉಪಕಾರ. ನಮ್ಮಂಥ ಊರಿನಲ್ಲಿ ತರಕಾರಿ ಮಾರುವ ಹೆಂಗಸರಲ್ಲಿ ಎಷ್ಟೋ ಮಂದಿ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಪುಟ್ಟಿ ಹಾಕಿಕೊಂಡು ಬರುವವರು. ಊರಿನ ಯಾದಿಯಲ್ಲಿ ಅವರು ಇರೋದು ಹ್ಯಾಂಗ ಸಾಧ್ಯ?

ಇನ್ನೊಂದು ಅಡ್ಡಿ ಮೊಬೈಲು. ಆಧಾರಿಗೆ ಜೋಡಿಸಿದ ನಂಬರಿಗೆ ಓಟಿಪಿ ಬರಬೇಕು. ಆ ನಂಬರು ಮಗನ ಹತ್ತಿರ, ಮಗ ಹೈದರಾಬಾದಿನಲ್ಲಿ. ಇಂಥ ಸಣ್ಣ ಗಂಟುಗಳನ್ನು ಒಂದೊಂದಾಗಿ ಬಿಡಿಸಿದ್ದು ನಗರ ಜೀವನೋಪಾಯ ಅಭಿಯಾನದ ಸಮುದಾಯ ಸಂಘಟಕರು. ಇತಿಹಾಸದ ಪುಸ್ತಕದಲ್ಲಿ ಇವರ ಹೆಸರು ಬರೋದಿಲ್ಲ. ಆದರೆ ಒಂದು ಸರ್ಕಾರಿ ಯೋಜನೆ ದೆಹಲಿಯಿಂದ ಹೊರಟು ಒಂದು ಕೈಗಾಡಿಯ ತನಕ ತಲುಪಿದ್ದರೆ, ಕೊನೆಯ ಹತ್ತು ಹೆಜ್ಜೆ ನಡೆದವರು ಇವರೇ.

ಉದ್ರಿ ಪುಸ್ತಕ

ಸರ್ಕಾರ ಸಣ್ಣ ವ್ಯಾಪಾರಿಗೆ ಏನು ಕೊಟ್ಟಿತು ಅಂತ ಕೇಳುವಾಗ ಸಣ್ಣ ವ್ಯಾಪಾರಿ ಊರಿಗೆ ಏನು ಕೊಟ್ಟ ಅಂತಲೂ ಕೇಳಬೇಕು. ನಮ್ಮ ಕಡೆ ಕಿರಾಣಿ ಅಂಗಡಿ ನಡೆಯುವುದೇ ಉದ್ರಿಯ ಮೇಲೆ. ಕೂಲಿ ಬಂದ ದಿನ, ಸುಗ್ಗಿ ದುಡ್ಡು ಬಂದ ದಿನ, ಮಗ ಪುಣೆಯಿಂದ ಕಳಿಸಿದ ದಿನ ಲೆಕ್ಕ ಚುಕ್ತಾ. 2020ರ ಬೇಸಿಗೆಯಲ್ಲಿ ಕೂಲಿ ನಿಂತಿತು, ಪುಣೆಯ ಮಗ ಬರಿಗೈಯಲ್ಲಿ ಮನೆಗೆ ಬಂದ. ಆದರೆ ಅಕ್ಕಿ, ಎಣ್ಣೆ, ಸಾಬೂನು, ಚಹಾಪುಡಿ ನಿಲ್ಲುವ ಹಾಗಿರಲಿಲ್ಲ. ರೇಷನ್ ಅಂಗಡಿಯ ಅಕ್ಕಿ ಹೊಟ್ಟೆ ಕಾಯ್ದಿತು, ಉಳಿದದ್ದನ್ನು ಕಾಯ್ದದ್ದು ಓಣಿಯ ಕಿರಾಣಿಯ ಉದ್ರಿ ಪುಸ್ತಕ.

ಆ ಕಡೆ ಸಗಟು ವ್ಯಾಪಾರಿಗಳು ನಗದು ಕೇಳತೊಡಗಿದ್ದರು. ಕೆಳಗೆ ಉದ್ರಿ, ಮೇಲೆ ನಗದು, ನಡುವೆ ಸಿಕ್ಕವನೇ ಅಂಗಡಿಕಾರ. ರಿಸರ್ವ್ ಬ್ಯಾಂಕು ಸಾಲದ ಕಂತಿಗೆ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆಯ ತನಕ ವಿರಾಮ ಕೊಟ್ಟಿತು. ಅದು ಬ್ಯಾಂಕಿನ ಸಾಲಗಾರನಿಗೆ. ಉದ್ರಿ ಕೊಟ್ಟವನಿಗೆ ಯಾವ ಬ್ಯಾಂಕು ವಿರಾಮ ಕೊಟ್ಟೀತು? ಈ ಲೆಕ್ಕ ಯಾವ ಪ್ಯಾಕೇಜಿನಲ್ಲೂ ಬರಲಿಲ್ಲ. 12ನೇ ಶತಮಾನದ ಕಲ್ಯಾಣ ಕಾಯಕದ ಪಕ್ಕದಲ್ಲೇ ದಾಸೋಹವನ್ನು ಇಟ್ಟಿತ್ತು. ಮಠ-ಮಸೀದಿಗಳ ಅನ್ನದಾನವನ್ನು ನಾವು ದಾಸೋಹ ಅನ್ನುತ್ತೇವೆ, ಸರಿಯೇ. ಬರದಿದ್ದರೆ ಬಿಡು ಅಂತ ಬರೆದುಕೊಂಡ ಉದ್ರಿಯೂ ಅದರ ಒಂದು ಜಾತಿಯೇ.

ಎರಡನೆಯ ಬೇಸಿಗೆ

ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ 2020ರ ಸೆಪ್ಟೆಂಬರ್ 24ರಂದು ಕೋವಿಡ್‌ನಿಂದ ತೀರಿಕೊಂಡರು. 2021ರ ಜನವರಿ 6ರಂದು ಮುಖ್ಯಮಂತ್ರಿ ಬಂದು 500 ಕೋಟಿ ವೆಚ್ಚದ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ತೆರವಾದ ಸ್ಥಾನಕ್ಕೆ ಏಪ್ರಿಲ್ 17ಕ್ಕೆ ಉಪಚುನಾವಣೆ ನಿಗದಿಯಾಯಿತು.

ಈಗ ಕ್ಯಾಲೆಂಡರ್ ನೋಡ್ರಿ. ಏಪ್ರಿಲ್ 10ರಿಂದ ಬೀದರ್ ನಗರ ಸೇರಿ ರಾಜ್ಯದ ಕೆಲವು ನಗರಗಳಲ್ಲಿ ರಾತ್ರಿ ಕರ್ಫ್ಯೂ. ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಆ ವಾರ ಚುನಾವಣಾ ಪ್ರಚಾರ. ಏಪ್ರಿಲ್ 17ಕ್ಕೆ ಮತದಾನ. ಏಪ್ರಿಲ್ 20ಕ್ಕೆ ರಾಜ್ಯ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿ ರಾತ್ರಿ ಮತ್ತು ವಾರಾಂತ್ಯದ ಕರ್ಫ್ಯೂ ಅಂದಿತು. ವ್ಯಾಪಾರಿಗಳು ಹಗಲು ಅಂಗಡಿ ಇರುತ್ತದೆ ಅಂದುಕೊಂಡರು. ಏಪ್ರಿಲ್ 22ರಂದು ಏಕಾಏಕಿ ಪೊಲೀಸರು ರಾಜ್ಯದ ಪೇಟೆಗಳಿಗೆ ಇಳಿದು ಅಗತ್ಯ ವಸ್ತುವಿನ ಅಂಗಡಿ ಬಿಟ್ಟು ಉಳಿದೆಲ್ಲ ಮುಚ್ಚಿಸಿದರು. ಆದೇಶಕ್ಕೆ ತಿದ್ದುಪಡಿ ಆಗಿತ್ತು, ಅಂಗಡಿಕಾರನಿಗೆ ಗೊತ್ತಾಗಿದ್ದು ಲಾಠಿ ಶಟರಿಗೆ ಬಡಿದಾಗ. ಏಪ್ರಿಲ್ 27ರ ರಾತ್ರಿಯಿಂದ ಜನತಾ ಕರ್ಫ್ಯೂ, ಬೆಳಗ್ಗೆ 6ರಿಂದ 10 ಮಾತ್ರ ಕಿರಾಣಿ-ತರಕಾರಿ. ಮೇ 2ಕ್ಕೆ ಮತ ಎಣಿಕೆ. ಮೇ 10ರಿಂದ ಪೂರ್ಣ ಲಾಕ್‌ಡೌನ್. ಸಾವಿರಾರು ಜನ ಸೇರುವ ಸಭೆ ನಡೆದ ಊರಿನಲ್ಲಿ ಹತ್ತೇ ದಿನಕ್ಕೆ ಇಬ್ಬರು ಗಿರಾಕಿ ನಿಂತ ಬಟ್ಟೆ ಅಂಗಡಿ ಅಪರಾಧ ಆಯಿತು. ರೋಗಕ್ಕೆ ಬೀಗ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನಿನ ತಕ್ಕಡಿ ಎರಡು ಕಡೆ ಸಮ ತೂಗಲಿಲ್ಲ ಅನ್ನುವ ನೋವು ಪೇಟೆಯಲ್ಲಿ ಉಳಿಯಿತು.

2020ರ ಬಸವ ಜಯಂತಿ ಏಪ್ರಿಲ್ 26ಕ್ಕೆ ಬಂದಿತ್ತು, ಮೊದಲ ಲಾಕ್‌ಡೌನಿನ ನಡುಮಧ್ಯೆ. 2021ರಲ್ಲಿ ಬಸವ ಜಯಂತಿ ಮೇ 14. ಆ ವರ್ಷ ರಂಜಾನ್ ಹಬ್ಬವೂ ಅದೇ ಮೇ 14. ಬಸವಕಲ್ಯಾಣದಂಥ ಊರಿಗೆ, ಬಸವಣ್ಣನ ಗುಡಿ ಮತ್ತು ದರ್ಗಾ ಒಂದೇ ಪೇಟೆಯನ್ನು ಸಾಕುವ ಊರಿಗೆ, ಇದಕ್ಕಿಂತ ದೊಡ್ಡ ವ್ಯಾಪಾರದ ವಾರ ಬೇರೆ ಇರಲಿಕ್ಕಿಲ್ಲ. ಅಕ್ಷಯ ತೃತೀಯದ ಬಂಗಾರ, ಮದುವೆಯ ಸೀರೆ, ಈದಿನ ಹೊಸ ಬಟ್ಟೆ, ಶ್ಯಾವಿಗೆ, ಅತ್ತರು, ಮೆರವಣಿಗೆಯ ಹೂವು, ಎಲ್ಲವೂ ಒಂದೇ ದಿನಕ್ಕೆ ಬಂದಿದ್ದವು. ಎಲ್ಲವೂ ಶಟರಿನ ಹಿಂದೆ ಉಳಿದವು. ಎರಡು ವರ್ಷದ ಸೀಸನ್ನು ಹೋದ ಸಣ್ಣ ಬಟ್ಟೆ ಅಂಗಡಿಗೆ ಮೂರನೆಯ ವರ್ಷ ಮಾಲು ತರಲು ಬಂಡವಾಳ ಇರೋದಿಲ್ಲ.

ಮೇ 19ರಂದು ಎರಡನೆಯ ಯಾದಿ ಬಂತು, 1,250 ಕೋಟಿಯದು. ಈ ಸಲ ಅಗಸ, ಕ್ಷೌರಿಕರ ಜೊತೆ ದರ್ಜಿ, ಹಮಾಲಿ, ಚಿಂದಿ ಆಯುವವರು, ಕುಂಬಾರ, ಅಕ್ಕಸಾಲಿಗ, ಮೆಕ್ಯಾನಿಕ್, ಕಮ್ಮಾರ, ಮನೆಗೆಲಸದವರು, ಚಮ್ಮಾರ ಸೇರಿದರು. ಯಾದಿ ಉದ್ದ ಆಯಿತು, ಮೊತ್ತ 5 ಸಾವಿರದಿಂದ 2 ಸಾವಿರಕ್ಕೆ ಇಳಿಯಿತು. ಚಾಲಕರಿಗೆ, ಕಟ್ಟಡ ಕಾರ್ಮಿಕರಿಗೆ 3 ಸಾವಿರ. ಬೀದಿ ವ್ಯಾಪಾರಿಗಳಿಗೂ 2 ಸಾವಿರ. ಇಲ್ಲೊಂದು ಪಾಠ ಅದ. 2020ರಲ್ಲಿ ಬೀದಿ ವ್ಯಾಪಾರಿಗೆ ನೇರ ಹಣ ಇರಲಿಲ್ಲ. 2021ರಲ್ಲಿ ಕೊಡಲು ಸಾಧ್ಯವಾದದ್ದು ಸ್ವನಿಧಿಯ ನೆಪದಲ್ಲಿ ನಗರಸಭೆ-ಪುರಸಭೆಗಳು ಒಂದು ಯಾದಿ ಮಾಡಿಟ್ಟಿದ್ದರಿಂದ. ಸಾಲಕ್ಕೆಂದು ಬರೆದ ಹೆಸರು ಮರುವರ್ಷ ಪರಿಹಾರಕ್ಕೆ ಬಂತು.

ಬೇರೆಯವರು ಹ್ಯಾಂಗ ಮಾಡಿದರು

2020ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಸಣ್ಣ ಅಂಗಡಿಗಳಿಗೆ 10 ಸಾವಿರ ಪೌಂಡು ಕೊಡುತ್ತೇವೆ ಅಂದಾಗ ಅದನ್ನು ಹಂಚಿದವರು ಸ್ಥಳೀಯ ಕೌನ್ಸಿಲಿನವರು. ಕೌನ್ಸಿಲುಗಳ ಹತ್ತಿರ ವ್ಯಾಪಾರದ ಕಟ್ಟಡಗಳ ತೆರಿಗೆ ಪುಸ್ತಕ ಇತ್ತು, ಅದರಲ್ಲಿ ಯಾರಿಗೆ ಸಣ್ಣ ವ್ಯಾಪಾರದ ರಿಯಾಯಿತಿ ಇದೆ ಅನ್ನುವುದೂ ಇತ್ತು. ತೆರಿಗೆ ವಸೂಲಿಯ ಪುಸ್ತಕವನ್ನೇ ತಿರುಗಿಸಿ ಹಿಡಿದರು, ಹಣ ಆ ಕಡೆಯಿಂದ ಈ ಕಡೆ ಹರಿಯಿತು. ಅದು ಸಾಲ ಅಲ್ಲ, ಅನುದಾನ. ಅಷ್ಟು ದೂರ ಬ್ಯಾಡ ಅಂದರೆ ಕೇರಳ ನೋಡಬಹುದು. ಅಲ್ಲಿ ಪಂಚಾಯಿತಿ, ನಗರಸಭೆಗಳು ಕುಟುಂಬಶ್ರೀಯ ಹೆಂಗಸರ ಜೊತೆ ಸೇರಿ ಸಮುದಾಯ ಅಡುಗೆಮನೆ ನಡೆಸಿದವು, ಅದೇ ಕುಟುಂಬಶ್ರೀಯ ಮೂಲಕ 2 ಸಾವಿರ ಕೋಟಿಯ ಸಾಲ ಯೋಜನೆ ಘೋಷಣೆಯಾಯಿತು. ಯಾದಿ ಮೊದಲೇ ಇತ್ತು, ಸಂಘ ಮೊದಲೇ ಇತ್ತು.

ನಮ್ಮ ನಗರಸಭೆಗೂ ಪುಸ್ತಕ ಉಂಟು. ಉದ್ದಿಮೆ ಪರವಾನಗಿಯ ಪುಸ್ತಕ, ಆಸ್ತಿ ತೆರಿಗೆಯ ಪುಸ್ತಕ, ನಗರಸಭೆ ಮಳಿಗೆಗಳ ಬಾಡಿಗೆ ಪುಸ್ತಕ. ಆದರೆ ಇವು ಮೂರೂ ಒಂದೇ ಕಡೆ ಹರಿಯುವ ಪುಸ್ತಕಗಳು. ಅಂಗಡಿಕಾರನಿಂದ ಕಚೇರಿಗೆ ಮಾತ್ರ. ವಾಪಸು ಹರಿಸಲು ನಗರಸಭೆಯ ಕೈಯಲ್ಲಿ ಹಣವೂ ಇಲ್ಲ, ಅಧಿಕಾರವೂ ಇಲ್ಲ. ಮಾಸ್ಕ್ ಹಾಕದವನಿಗೆ 100 ರೂಪಾಯಿ ದಂಡ ಹಾಕುವ ಅಧಿಕಾರ ಇತ್ತು. ಅಂಗಡಿ ಮುಚ್ಚಿದವನಿಗೆ 100 ರೂಪಾಯಿ ಕೊಡುವ ಅಧಿಕಾರ ಇರಲಿಲ್ಲ. ಹಿಂಗಾಗಿ ಅಂಗಡಿಕಾರನಿಗೆ ಪರವಾನಗಿ ಅಂದರೆ ಇನ್ನೊಂದು ಖರ್ಚು, ಇನ್ನೊಂದು ಓಡಾಟ. ಯಾದಿಯಲ್ಲಿ ಹೆಸರು ಬರೆಸುವುದು ಅವನಿಗೆ ಕೊಡುವುದರ ಶುರುವಾತಾಗಿ ಕಂಡಿತೇ ಹೊರತು ಪಡೆಯುವುದರ ಶುರುವಾತಾಗಿ ಯಾವತ್ತೂ ಕಾಣಲಿಲ್ಲ. ಅದಕ್ಕೇ ಅವನು ತಪ್ಪಿಸಿಕೊಂಡ. ತಪ್ಪಿಸಿಕೊಂಡದ್ದರಿಂದ 2020ರಲ್ಲಿ ತಪ್ಪಿಹೋದ.

ಇದರ ಹೊಣೆ ಅಂಗಡಿಕಾರನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸ್ವನಿಧಿಯ ಶಿಫಾರಸು ಪತ್ರ ಒಂದು ಮಾತನ್ನು ಸಾಬೀತು ಮಾಡಿದೆ: ಸ್ಥಳೀಯ ಕಚೇರಿ ಮನಸ್ಸು ಮಾಡಿದರೆ, ಕಾಗದ ಇಲ್ಲದವನಿಗೂ ಕಾಗದ ಕೊಡಬಹುದು. ಬೀದಿಗೆ ಇಳಿದು, ಯಾರು ಎಲ್ಲಿ ಎಷ್ಟು ವರ್ಷದಿಂದ ಕೂತಿದ್ದಾರೆ ಅಂತ ಕೇಳಿ ಬರೆದುಕೊಂಡರೆ ಸಾಕು. ಬೀದಿ ವ್ಯಾಪಾರಿಗೆ ಮಾಡಿದ್ದನ್ನು ಪಾಲಿಗೆ ಕೂತ ಕ್ಷೌರಿಕನಿಗೆ, ಜಗಲಿಯ ದರ್ಜಿಗೆ, ಬಾಡಿಗೆ ಆಟೊದವನಿಗೆ, ಮನೆಯ ಮುಂದಿನ ಕಿರಾಣಿಗೆ ಮಾಡಲಾಗದ್ದೇನಲ್ಲ. ರೋಗ ಇಲ್ಲದ ದಿನಗಳಲ್ಲಿ, ಗಡಿಬಿಡಿ ಇಲ್ಲದಾಗ ಮಾಡಬೇಕಾದ ಕೆಲಸ ಇದು. ಎರಡು ಊರಿನ ಪೇಟೆಯನ್ನು ಓಣಿ ಓಣಿಯಾಗಿ ನಡೆದು ಬರೆಯಲಿಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಬರೆದ ಮೇಲೆ ಒಂದು ಭರವಸೆ ಬೇಕು, ಈ ಪುಸ್ತಕ ಎರಡೂ ಕಡೆ ಹರಿಯುತ್ತದೆ ಅಂತ.

2020ರಲ್ಲಿ ರಾಜ್ಯ ತನ್ನದೇ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿತು. ಮುಚ್ಚಿಸುವ ಅಧಿಕಾರ ಇನ್ನಷ್ಟು ಗಟ್ಟಿಯಾಯಿತು, ದಂಡ-ಶಿಕ್ಷೆ ಇನ್ನಷ್ಟು ಸ್ಪಷ್ಟವಾದವು. ಮುಚ್ಚಿದ ಅಂಗಡಿಗೆ ಸಿಗಬೇಕಾದ್ದು ಏನು ಅನ್ನುವುದು ಮಾತ್ರ ಇನ್ನೂ ಆಯಾ ಕಾಲದ ಮುಖ್ಯಮಂತ್ರಿಯ ಘೋಷಣೆಗೆ ಬಿಟ್ಟ ವಿಷಯ. ‘ಇದ್ದರೆ’ ಅನ್ನುವ ಆ ಹಳೆಯ ಪದ ಹೋಗಬೇಕು. ಮುಂದಿನ ಸಲ ಕಸದ ಗಾಡಿಯ ಧ್ವನಿವರ್ಧಕ ಓಣಿಗೆ ಬಂದು ಅಂಗಡಿ ಮುಚ್ಚಿರಿ ಅಂತ ಕೂಗಿದಾಗ, ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಕೂಗುವಂತಿರಬೇಕು: ಮುಚ್ಚಿದವರ ಹೆಸರು ನಮ್ಮ ಹತ್ತಿರ ಬರೆದದ.